ಪೀಠಕ್ಕೆ ಮುಖ ಮಾಡಿ

ವಿಜಯಪುರ ಜಿಲ್ಲೆಯ ಇಂಡಿ ಪಟ್ಟಣದ ಕಾಲೇಜೊಂದರಲ್ಲಿ ನಾನು ರಾಜ್ಯಶಾಸ್ತ್ರ ಕಲಿಸುತ್ತಿದ್ದಾಗ ಪ್ರತಿ ವರ್ಷ ಅಣಕು ಸಂಸತ್ತು ನಡೆಸುವ ಕೆಲಸ ನನ್ನ ತಲೆಗೇ ಬರುತ್ತಿತ್ತು. ಸಭಾಭವನದ ಬೆಂಚುಗಳನ್ನು ಎದುರುಬದುರು ಜೋಡಿಸಿ ಒಂದು ಕಡೆ ಆಡಳಿತ ಪಕ್ಷ, ಇನ್ನೊಂದು ಕಡೆ ವಿರೋಧ ಪಕ್ಷ ಎಂದು ಹುಡುಗರನ್ನು ಕೂಡ್ರಿಸುತ್ತಿದ್ದೆವು. ನಡುವೆ ವೇದಿಕೆಯ ಮೇಲೆ ಸಭಾಧ್ಯಕ್ಷರ ಪೀಠ. ಹುಡುಗರು ಅಪ್ಪನ ಬಿಳಿ ಅಂಗಿ ಹಾಕಿಕೊಂಡು, ಹುಡುಗಿಯರು ಅವ್ವನ ಇಳಕಲ್ ಸೀರೆ ಉಟ್ಟುಕೊಂಡು ಬರುತ್ತಿದ್ದರು. ಯಾರು ಏನು ಮಾತಾಡಬೇಕು ಎಂಬುದನ್ನು ನಾನೇ ಬರೆದುಕೊಡುತ್ತಿದ್ದೆ. ಸ್ವಲ್ಪ ಗದ್ದಲ, ಒಂದು ಸಭಾತ್ಯಾಗ, ಕೊನೆಗೆ ಮಸೂದೆ ಪಾಸು. ಪಾಸಾಗದ ಮಸೂದೆಯನ್ನು ನಾನು ಯಾವ ವರ್ಷವೂ ಬರೆದಿರಲಿಲ್ಲ.

ಆ ವರ್ಷದ ವಿಷಯವನ್ನು ಹುಡುಗರೇ ಆರಿಸಿದರು. ದಿಲ್ಲಿಯಲ್ಲಿ ಬೇರೊಂದು ರಾಜ್ಯದ ಕೆಲವು ಸಮುದಾಯಗಳನ್ನು ಬುಡಕಟ್ಟುಗಳ ಪಟ್ಟಿಗೆ, ಅಂದರೆ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸುವ ಮಸೂದೆ ಚರ್ಚೆಗೆ ಬಂದಿತ್ತು. ಅದನ್ನು ಮೊಬೈಲಿನಲ್ಲಿ ನೋಡಿದ್ದವರು ಕ್ಲಾಸಿನಲ್ಲಿ ನನ್ನನ್ನು ಕೇಳತೊಡಗಿದರು. ಪಟ್ಟಿಗೆ ಸೇರಿಸುವವರು ಯಾರು, ರಾಜ್ಯ ಶಿಫಾರಸು ಮಾಡಿದರೆ ಸಾಕೇ, ಸಂಸತ್ತು ಯಾಕೆ ಬೇಕು, ಇಷ್ಟು ದೊಡ್ಡ ವಿಷಯ ಅಷ್ಟು ಬೇಗ ಹೇಗೆ ಮುಗಿಯಿತು ಎಂದೆಲ್ಲ. ನಮ್ಮ ಸೀಮೆಯ ಕುರಿಗಾರರೂ ತಮ್ಮನ್ನು ಆ ಪಟ್ಟಿಗೆ ಸೇರಿಸಿರೆಂದು ಕೇಳುತ್ತ ಬಂದವರು. ಸಿಂದಗಿಯಲ್ಲಿ ತಹಶೀಲ್ದಾರ್ ಕಚೇರಿ ಮುಂದೆ ಪೆಂಡಾಲು ಹಾಕಿ ಧರಣಿ ಕೂತಿದ್ದರು. ಹಾಗಾಗಿ ಹುಡುಗರ ಪ್ರಶ್ನೆ ದಿಲ್ಲಿಯದಾದರೂ ಎಲ್ಲರ ಮನಸ್ಸಿನಲ್ಲಿದ್ದದ್ದು ಊರಿನದೇ.

ಪ್ರಿನ್ಸಿಪಾಲರು ನನ್ನನ್ನು ಕರೆಸಿ, ತಾವೇ ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದು ಕೂತರು. ಈ ವಿಷಯ ನಿಮಗೆ ಯಾರು ಕೊಟ್ಟರು ಎಂದು ಕೇಳಿದರು. ಹುಡುಗರು ಅಂದೆ. ಹುಡುಗರಿಗೆ ಯಾರು ಕೊಟ್ಟರು ಅಂದರು. ನಾನು ಬಸವನ ಬಾಗೇವಾಡಿಯವಳು, ಹೊಲ ಅಂಗಡಿ ಎರಡೂ ಇರುವ ಮನೆಯವಳು. ಅವರ ಲೆಕ್ಕದಲ್ಲಿ ನನಗೆ ಈ ವಿಷಯದ ಗೊಡವೆಯೇ ಬೇಕಿರಲಿಲ್ಲ. ಬೇಕಾಗಿದೆ ಅಂದರೆ ಹಿಂದೆ ಯಾರೋ ಇರಬೇಕು. ಕೊನೆಗೆ ಒಂದು ಷರತ್ತಿನ ಮೇಲೆ ಒಪ್ಪಿದರು: ಮಸೂದೆಯಲ್ಲಿ ಯಾವ ಜಾತಿಯ ಹೆಸರೂ ಬರಬಾರದು. ಹೀಗೆ ನಮ್ಮ ಮಸೂದೆಯಲ್ಲಿ ಉದ್ದಕ್ಕೂ 'ಸದರಿ ಸಮುದಾಯ' ಎಂದೇ ಬಂತು. ಆ ಸಮುದಾಯ ಯಾವುದೆಂದು ಕಾಲೇಜಿನ ಗಂಟೆ ಹೊಡೆಯುವವನಿಗೂ ಗೊತ್ತಿತ್ತು.

ಅಗರಖೇಡದ ಕಡೆಯ ಒಬ್ಬ ಹುಡುಗಿ ಬಿ.ಎ. ಕೊನೆಯ ವರ್ಷದಲ್ಲಿದ್ದಳು. ಅವಳ ಅಪ್ಪ ಕುರಿಗಾರ. ಕ್ಲಾಸಿನಲ್ಲಿ ಕಿಟಕಿಯ ಪಕ್ಕ ಕೂಡುತ್ತಿದ್ದಳು, ಕೇಳಿದರೆ ಮಾತ್ರ ಮಾತಾಡುತ್ತಿದ್ದಳು, ಮಾತಾಡಿದರೆ ಹಿಂದಿನ ಬೆಂಚಿನವರೂ ಸುಮ್ಮನಾಗಿ ಕೇಳುತ್ತಿದ್ದರು. ಮಸೂದೆ ಮಂಡಿಸುವ ಮಂತ್ರಿಯ ಪಾತ್ರವನ್ನು ನಾನು ಅವಳಿಗೇ ಇಟ್ಟಿದ್ದೆ. ಅವಳ ಮನೆಯ ಮಾತು ಅವಳ ಬಾಯಿಂದಲೇ ಬರಲಿ ಎಂದು. ಪಾತ್ರ ಹಂಚಿದ ಮರುದಿನ ಅವಳು ಸ್ಟಾಫ್ ರೂಮಿಗೆ ಬಂದು, ತನಗೆ ಮಂತ್ರಿ ಬೇಡ, ಸಭಾಧ್ಯಕ್ಷರ ಕುರ್ಚಿ ಬೇಕು ಅಂದಳು.

ನನಗೆ ವಿಚಿತ್ರ ಅನಿಸಿತು. ಸಭಾಧ್ಯಕ್ಷರು ಚರ್ಚೆಯಲ್ಲಿ ಭಾಗವಹಿಸುವಂತಿಲ್ಲ, ಪರ ವಿರೋಧ ಏನೂ ಹೇಳುವಂತಿಲ್ಲ, ಅದು ನಿನಗೆ ಗೊತ್ತಲ್ಲ ಅಂದೆ. ಗೊತ್ತು ಅಂದಳು. ಮತ್ತೆ ಯಾಕೆ ಎಂದು ಕೇಳಿದರೆ, "ಬೇಕ್ರಿ ಮೇಡಂ" ಅಂದಳು, ಅಷ್ಟೆ. ಅವಳು ಹೋದ ಮೇಲೆ ಬಹಳ ಹೊತ್ತು ಅದನ್ನೇ ಯೋಚಿಸಿದೆ. ತನ್ನವರ ಪರವಾಗಿ ಮಾತಾಡಲು ಇದ್ದ ಒಂದೇ ಅವಕಾಶವನ್ನು ಬಿಟ್ಟು, ಮಾತೇ ಆಡುವಂತಿಲ್ಲದ ಜಾಗವನ್ನು ಯಾರಾದರೂ ಕೇಳುತ್ತಾರೆಯೇ? ಮನೆಯಲ್ಲಿ ಯಾರೋ ಹೇಳಿಕೊಟ್ಟಿರಬೇಕು, ಸಭೆಯ ಲಗಾಮು ಕೈಯಲ್ಲಿರಲಿ ಅಂದಿರಬೇಕು ಎಂದುಕೊಂಡೆ. ಪ್ರಿನ್ಸಿಪಾಲರ ಗುಮಾನಿ ನನಗೂ ಅಂಟಿತ್ತು.

ಆದರೂ ಕುರ್ಚಿ ಕೊಟ್ಟೆ. ಮಂತ್ರಿಯ ಪಾತ್ರ ಇನ್ನೊಬ್ಬ ಹುಡುಗನಿಗೆ ಹೋಯಿತು. ಅವನು ನೀರಾವರಿ ಹೊಲ, ಟ್ರ್ಯಾಕ್ಟರ್ ಇರುವ ಮನೆಯವನು. ಅವನ ಕಾಕಾ ಹಿಂದೆ ಜಿಲ್ಲಾ ಪಂಚಾಯಿತಿ ಸದಸ್ಯರಾಗಿದ್ದವರು, ಮುಂದೆ ಇನ್ನೂ ದೊಡ್ಡ ಜಾಗದ ಮೇಲೆ ಕಣ್ಣಿಟ್ಟಿದ್ದವರು. ಹುಡುಗ ಮಾತಿನಲ್ಲಿ ಜೋರು. ವಿರೋಧ ಪಕ್ಷದ ನಾಯಕ ಚಡಚಣದ ವ್ಯಾಪಾರಿಯೊಬ್ಬರ ಮಗ, ಮಾತಿಗೆ ಮಾತು ಎಸೆಯುವವನು. ತಾಲೀಮಿನಲ್ಲಿ ಎಲ್ಲ ಸರಿಯಾಗಿಯೇ ನಡೆಯಿತು. ಸಭಾಧ್ಯಕ್ಷೆ ಧ್ವನಿಮತಕ್ಕೆ ಹಾಕಿದಾಗ ಆಡಳಿತ ಪಕ್ಷದವರು ಗೋಡೆ ನಡುಗುವಂತೆ 'ಹೌದು' ಅನ್ನುತ್ತಿದ್ದರು, ಮಸೂದೆ ಪಾಸಾಗುತ್ತಿತ್ತು. ಕಾರ್ಯಕ್ರಮಕ್ಕೆ ಮುಖ್ಯ ಅತಿಥಿಯಾಗಿ ಆ ಕಾಕಾ ಬರುತ್ತಾರೆಂದು ಪ್ರಿನ್ಸಿಪಾಲರು ಕೊನೆಯ ಗಳಿಗೆಯಲ್ಲಿ ತಿಳಿಸಿದರು. ಯಾರು ಕರೆದರೆಂದು ಕೇಳಿದೆ. ಅವರಾಗಿಯೇ ಬರುತ್ತೇನೆ ಅಂದರಂತೆ.

ಆ ದಿನ ಸಭಾಭವನ ತುಂಬಿತ್ತು. ಕಾಕಾ ಮುಂದಿನ ಸಾಲಿನಲ್ಲಿ ಕೂತಿದ್ದರು. ಎಲ್ಲಕ್ಕೂ ಹಿಂದೆ, ಬಾಗಿಲ ಹತ್ತಿರ, ಹುಡುಗಿಯ ಅಪ್ಪ ತನ್ನ ಕಡೆಯ ಕೆಲವು ಹಿರಿಯರ ಜೊತೆ ನಿಂತಿದ್ದರು. ಕುರ್ಚಿ ಖಾಲಿ ಇದೆ ಕೂಡ್ರಿ ಅಂದರೆ, ಇರಲಿ ಅಂದರು.

ಮಂತ್ರಿ ಹುಡುಗ ಬಹಳ ಚೆನ್ನಾಗಿ ಮಾತಾಡಿದ. ಗಾಯರಾಣಗಳು ಪ್ಲಾಟುಗಳಾದವು, ಊರ ದನ ಕುರಿ ಮೇಯಲು ಬಿಟ್ಟಿದ್ದ ಜಾಗಗಳಿಗೆ ತಂತಿ ಬೇಲಿ ಬಿತ್ತು, ಸದರಿ ಸಮುದಾಯದವರು ಕುರಿ ಹಿಂಡಿನ ಹಿಂದೆ ಊರೂರು ತಿರುಗಬೇಕು, ಅವರ ಮಕ್ಕಳು ಯಾವ ಸಾಲಿಯಲ್ಲೂ ವರ್ಷ ಮುಗಿಸುವುದಿಲ್ಲ ಎಂದ. ನಾನು ಬರೆದದ್ದಕ್ಕಿಂತ ಎಷ್ಟೋ ಹೆಚ್ಚು ಅವನೇ ಸೇರಿಸಿದ್ದ. ಹಿಂದೆ ನಿಂತಿದ್ದ ಹಿರಿಯರ ಮುಖ ಅರಳಿದ್ದು ನನಗೆ ಕಾಣುತ್ತಿತ್ತು.

ನಂತರ ವಿರೋಧ ಪಕ್ಷದ ಹುಡುಗ ಎದ್ದ. ಬುಡಕಟ್ಟು ಅನಿಸಿಕೊಳ್ಳಲು ಮಾನದಂಡಗಳಿವೆ ಎಂದು ಶುರು ಮಾಡಿದ. ಕಾಡುಮೇಡಿನಲ್ಲಿ ದೂರ ಇರಬೇಕು, ತಮ್ಮದೇ ಬೇರೆ ಸಂಸ್ಕೃತಿ ಇರಬೇಕು, ಹಿಂದುಳಿದಿರಬೇಕು, ಹೊರಗಿನವರ ಜೊತೆ ಬೆರೆಯಲು ಸಂಕೋಚ ಇರಬೇಕು. ಇದು ನಾನು ಬರೆದುಕೊಟ್ಟದ್ದೇ. ಅಲ್ಲಿಂದ ಮುಂದೆ ಅವನ ಸ್ವಂತದ್ದು. ಇಂಡಿ ತಾಲೂಕಿನಲ್ಲಿ ಕಾಡು ಎಲ್ಲಿದೆ, ಇರುವುದು ಜಾಲಿಕಂಟಿ ಎಂದು ಸಭಿಕರ ಕಡೆ ತಿರುಗಿ ಹೇಳಿದ. ಎಲ್ಲರೂ ನಕ್ಕರು. ಸದರಿ ಸಮುದಾಯದವರ ಕೈಯಲ್ಲಿ ನಮಗಿಂತ ಒಳ್ಳೆಯ ಮೊಬೈಲು ಇದೆ ಅಂದ. ಮತ್ತೆ ನಗು. ನಗು ಸಿಕ್ಕಿದಂತೆಲ್ಲ ಅವನು ಪೀಠಕ್ಕೆ ಪೂರ್ತಿ ಬೆನ್ನು ಮಾಡಿಬಿಟ್ಟಿದ್ದ.

"ಸದಸ್ಯರು ಪೀಠಕ್ಕೆ ಮುಖ ಮಾಡಿ ಮಾತಾಡಬೇಕು" ಎಂದಳು ಸಭಾಧ್ಯಕ್ಷೆ.

ಅವನು ತಿರುಗಿದ. ನಗೆ ಇನ್ನೂ ಮುಖದ ಮೇಲಿತ್ತು. "ಮಾನ್ಯ ಸಭಾಧ್ಯಕ್ಷರೆ, ಸಂಕೋಚ ಇದ್ದವರು ತಾವು ಕೂತ ಜಾಗಾದಾಗ ಬಂದು ಕೂಡತಿದ್ದರೇನು?"

ಒಂದಿಷ್ಟು ಜನ ನಕ್ಕರು, ಒಂದಿಷ್ಟು ಜನ ನಗಲಿಲ್ಲ. ಆಡಳಿತ ಪಕ್ಷದ ಹುಡುಗಿಯೊಬ್ಬಳು ತಟ್ಟನೆ ಎದ್ದು ಕ್ರಿಯಾಲೋಪ ಎತ್ತಿದಳು. ಪೀಠದಲ್ಲಿ ಕೂತವರ ಬಗ್ಗೆ ಹಾಗೆ ಮಾತಾಡುವುದು ನಿಯಮಕ್ಕೆ ವಿರುದ್ಧ, ಆ ಮಾತನ್ನು ಕಡತದಿಂದ ತೆಗೆಸಬೇಕು ಅಂದಳು. ಹೇಳಿದ್ದು ಸರಿಯಾಗಿಯೇ ಇತ್ತು. ತೆಗೆಸುತ್ತೇನೆ ಎಂದು ಸಭಾಧ್ಯಕ್ಷೆ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಅವಳು ಸ್ವಲ್ಪ ಹೊತ್ತು ಆ ಹುಡುಗನನ್ನೇ ನೋಡಿದಳು. ಆಮೇಲೆ, "ಆ ಮಾತು ಕಡತದಲ್ಲಿ ಇರಲಿ. ಸದಸ್ಯರು ಮುಂದುವರಿಸಲಿ" ಅಂದಳು.

ಅವನು ಮುಂದುವರಿಸಿದ, ಆದರೆ ಮಾತು ಹಿಂದಿನಂತೆ ಹರಿಯಲಿಲ್ಲ. ಸುಳ್ಳು ಜಾತಿ ಪ್ರಮಾಣಪತ್ರಗಳ ಬಗ್ಗೆ ಏನೋ ಹೇಳಹೊರಟು, ಅವಳ ಮುಖ ನೋಡುತ್ತ ಹೇಳಲಾಗದೆ, ಅರ್ಧಕ್ಕೆ ಬಿಟ್ಟು ಕೂತ.

ಚರ್ಚೆ ಮುಗಿದು ಮಸೂದೆ ಮತಕ್ಕೆ ಬಂತು. ಪರವಾಗಿರುವವರು ಹೌದು ಅನ್ನಿ ಎಂದು ಅವಳು ಹೇಳಿದಳು. ಮೊದಲ ಬೆಂಚಿನ ಕೆಲವರು ಹೌದು ಅಂದರು. ಹಿಂದಿನ ಬೆಂಚುಗಳಿಂದ ದನಿಯೇ ಬರಲಿಲ್ಲ. ತಾಲೀಮಿನಲ್ಲಿ ಗಂಟಲು ಹರಿದುಕೊಂಡ ಹುಡುಗರು ಬಾಯಿ ಮುಚ್ಚಿ ತಮ್ಮ ತಮ್ಮಲ್ಲೇ ನೋಡಿಕೊಳ್ಳುತ್ತ ಕೂತಿದ್ದರು. ವಿರೋಧ ಇರುವವರು ಇಲ್ಲ ಅನ್ನಿ ಎಂದಾಗ ಆ ಕಡೆಯ ಬೆಂಚುಗಳೆಲ್ಲ ಒಟ್ಟಿಗೆ ಕೂಗಿದವು. ಆಡಳಿತ ಪಕ್ಷದ ಹಿಂದಿನಿಂದಲೂ ಒಂದೆರಡು 'ಇಲ್ಲ' ಬಂದಂತೆ ನನಗೆ ಕೇಳಿಸಿತು.

ಬರೆದುಕೊಟ್ಟ ಪ್ರಕಾರ ಅವಳು ಹೇಳಬೇಕಾಗಿದ್ದದ್ದು 'ಮಸೂದೆ ಅಂಗೀಕಾರವಾಗಿದೆ' ಎಂದು. ಹೇಳಿದ್ದರೆ ಯಾರೂ ತಕರಾರು ಮಾಡುತ್ತಿರಲಿಲ್ಲ, ಇದು ಆಟ ಎಂದು ಎಲ್ಲರಿಗೂ ಗೊತ್ತಿತ್ತು. ಅವಳು ಹಾಗೆ ಹೇಳಲಿಲ್ಲ. "ಇಲ್ಲ ಎನ್ನುವವರ ದನಿ ಹೆಚ್ಚಿದೆ ಎಂದು ತೋರುತ್ತದೆ" ಅಂದಳು.

ತೋರುತ್ತದೆ ಎಂಬ ಮಾತಿಗೆ ಸಂಸತ್ತಿನಲ್ಲಿ ತೂಕವಿದೆ. ಅದನ್ನು ಕ್ಲಾಸಿನಲ್ಲಿ ಬಿಡಿಸಿ ಹೇಳಿದ್ದೆ. ಸಭಾಧ್ಯಕ್ಷರು ಹಾಗೆಂದಾಗ ಯಾವ ಸದಸ್ಯ ಬೇಕಾದರೂ ಎದ್ದು, ನಮಗೆ ಹಾಗೆ ತೋರುವುದಿಲ್ಲ, ತಲೆ ಎಣಿಸಿರಿ ಅನ್ನಬಹುದು. ಅಂದರೆ ಎಣಿಸಲೇಬೇಕು. ಆಡಳಿತ ಪಕ್ಷದ ಬೆಂಚುಗಳಲ್ಲಿ ತಲೆ ಹೆಚ್ಚಿದ್ದವು. ಅವಳು ಮಂತ್ರಿಯ ಕಡೆ ನೋಡಿದಳು. ಅವನು ಕೈಯಲ್ಲಿದ್ದ ಹಾಳೆ ನೋಡುತ್ತಿದ್ದ. ಅವಳು ಅದೇ ವಾಕ್ಯವನ್ನು ಮತ್ತೊಮ್ಮೆ ನಿಧಾನಕ್ಕೆ ಹೇಳಿ ಕಾದಳು. ಯಾರೂ ಏಳಲಿಲ್ಲ. "ಮಸೂದೆ ತಿರಸ್ಕೃತವಾಗಿದೆ" ಅಂದಳು.

ರಾಷ್ಟ್ರಗೀತೆ ಆಯಿತು. ಕಾಕಾ ವೇದಿಕೆಗೆ ಬಂದು, ಪ್ರಜಾಪ್ರಭುತ್ವ ಅಂದರೆ ಇದೇ, ಸ್ವತಃ ಸದರಿ ಸಮುದಾಯದ ಮಗಳೇ ಇಂಥ ತೀರ್ಪು ಕೊಟ್ಟಳಲ್ಲ ಎಂದು ಹೊಗಳಿ ನಕ್ಕರು. ಆ ನಗು ನನಗೆ ಸೇರಲಿಲ್ಲ. ಬಾಗಿಲ ಕಡೆ ನೋಡಿದೆ. ಹುಡುಗಿಯ ಅಪ್ಪ, ಹಿರಿಯರು ಆಗಲೇ ಹೋಗಿದ್ದರು.

ಮರುದಿನ ಹೊತ್ತೇರುವ ಮೊದಲೇ ವಿಡಿಯೊ ಎಲ್ಲ ಕಡೆ ಓಡಾಡಿತು. ಉಳಿದದ್ದೆಲ್ಲ ಕತ್ತರಿಸಿ, ಅವಳು 'ತಿರಸ್ಕೃತವಾಗಿದೆ' ಅನ್ನುವುದಷ್ಟನ್ನೇ ಇಟ್ಟಿದ್ದರು. ಅವರ ಮಗಳಿಗೇ ಬೇಡವಾದದ್ದು ಬೇರೆಯವರಿಗೆ ಯಾಕೆ ಎಂದು ಕೆಳಗೆ ಬರೆದಿತ್ತು. ಸಿಂದಗಿಯ ಧರಣಿ ಪೆಂಡಾಲಿನಲ್ಲಿ ಅದನ್ನು ಎಲ್ಲರಿಗೂ ತೋರಿಸಿದರಂತೆ. ಹುಡುಗಿಯ ತಲೆ ಕೆಡಿಸಿದವಳು ಕಾಲೇಜಿನ ಮೇಡಂ, ಆಕೆಯ ಮನೆತನ ಯಾವುದು ಗೊತ್ತಲ್ಲ ಎಂದು ಮಾತಾಡಿಕೊಂಡರಂತೆ. ಅದೇ ಹೊತ್ತಿಗೆ ಮುದ್ದೇಬಿಹಾಳದಲ್ಲಿರುವ ನನ್ನ ಅಣ್ಣ ಫೋನ್ ಮಾಡಿ, ಅವರ ಪರವಾಗಿ ನಾಟಕ ಮಾಡಿಸಲು ನಿನಗೆ ಯಾರು ಹೇಳಿದರು ಎಂದು ಜಗಳ ತೆಗೆದ. ಮಸೂದೆ ಬಿದ್ದಿತಲ್ಲ ಅಂದರೆ, ಬೀಳುವುದು ಏಳುವುದು ಇರಲಿ, ಆ ಮಾತು ತೆಗೆದದ್ದು ಯಾಕೆ ಅಂದ. ಬಾಗೇವಾಡಿಯಲ್ಲಿ ಅವ್ವನನ್ನೂ ಯಾರೋ ಕೇಳಿದ್ದರು. ಎರಡೂ ಕಡೆಯವರಿಗೆ ನಾನು ಆಚೆಯವಳಾಗಿದ್ದೆ.

ಹುಡುಗಿ ಕಾಲೇಜಿಗೆ ಬರುವುದು ನಿಂತಿತು. ನಾನು ಮೊದಲು ಮಂತ್ರಿ ಹುಡುಗನನ್ನು ಕರೆದೆ. ಅಷ್ಟು ಚಂದ ಮಾತಾಡಿ ಕೊನೆಗೆ ತಲೆ ಎಣಿಸಿರಿ ಎಂದು ಯಾಕೆ ಕೇಳಲಿಲ್ಲ ಎಂದು ವಿಚಾರಿಸಿದೆ. ಮರೆತೆ ಅಂದ. ಅವಳು ಎರಡು ಸಲ ಕಾದಳಲ್ಲ ಅಂದೆ. ಅವನು ತಲೆ ಎತ್ತಿ, "ನೀವು ಬರದುಕೊಟ್ಟಿದ್ದರಾಗ ಅದು ಇರಲಿಲ್ಲರಿ ಮೇಡಂ" ಅಂದ. ಅದು ನಿಜ. ಪಾಸಾಗುವ ಮಸೂದೆಗೆ ಎಣಿಕೆ ಯಾತಕ್ಕೆ ಎಂದು ನಾನು ಬರೆದಿರಲಿಲ್ಲ. ಹಿಂದಿನ ಬೆಂಚಿನವರನ್ನು ಕೇಳಿದರೆ ಒಬ್ಬ ಗಂಟಲು ಕೂತಿತ್ತು ಅಂದ, ಇನ್ನೊಬ್ಬ ಕೂಗಿದೆನಲ್ಲ ಮೇಡಂ ಅಂದ. ಕಾಕಾನ ಹೆಸರು ಯಾರ ಬಾಯಲ್ಲೂ ಬರಲಿಲ್ಲ, ನಾನೂ ಎತ್ತಲಿಲ್ಲ.

ಒಂದು ರವಿವಾರ ಅಗರಖೇಡದ ಬಸ್ಸು ಹಿಡಿದೆ. ಹುಡುಗಿಯ ಮನೆಯಲ್ಲಿ ಅವಳ ಅಜ್ಜಿ ಒಬ್ಬಳೇ ಇದ್ದಳು. ಎಲ್ಲರೂ ಕುರಿ ಹತ್ತಿರ ಇದ್ದಾರೆ ಎಂದು ದಾರಿ ತೋರಿಸಿದಳು. ಜೋಳ ಕೊಯ್ದ ಹೊಲವೊಂದರಲ್ಲಿ, ಗೊಬ್ಬರ ಆಗಲಿ ಎಂದು ಹೊಲದವರು ಕೇಳಿಕೊಂಡಿದ್ದಕ್ಕೆ, ಹಿಂಡು ತರುಬಿ ನಿಲ್ಲಿಸಿದ್ದರು. ಅಪ್ಪ ನನ್ನನ್ನು ನೋಡಿ ಎದ್ದು ನಿಂತರು. ಕಂಬಳಿ ಹಾಸಿ ಕೂಡ್ರಿಸಿದರು. ಹುಡುಗಿ ದೂರದಲ್ಲಿ ಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದಳು. ಬಂದು ನಮಸ್ಕಾರ ಮಾಡಿ ಮತ್ತೆ ಅಲ್ಲೇ ಹೋದಳು.

ಅಪ್ಪ ಮರ್ಯಾದೆ ಬಿಡದೆ ಮಾತಾಡಿದರು, ಆದರೆ ಸುತ್ತಿ ಬಳಸಲಿಲ್ಲ. "ಅಕ್ಕಾರ, ನೀವು ಅದನ್ನ ಪಾಸ್ ಅಂತ ಬರದಿದ್ದಿರಂತ. ನಮ್ಮ ಹುಡಿಗಿ ಬಾಯಿಂದನ ಬೀಳಿಸಿದ್ರಿ. ಕುರ್ಚಿ ಕೊಟ್ಟು ಆಕಿ ಬಾಯಿ ಕಟ್ಟಿದ್ರಿ. ಇದನ್ನ ನಾ ಹ್ಯಾಂಗ ತಿಳಕೋಬೇಕು?"

ಕುರ್ಚಿ ಅವಳೇ ಕೇಳಿದ್ದು ಎಂದು ಹೇಳಿದೆ. ಅವರು ನಂಬಲಿಲ್ಲ. ನನ್ನ ಮಾತಿಗೆ ತಲೆಯಾಡಿಸಿದರು, ಅಷ್ಟೆ. ಇದೆಲ್ಲ ನಿಮಗೆ ಯಾರು ಹೇಳಿದರು ಎಂದು ಕೇಳಿದೆ. ಕೈ ಎತ್ತಿ ಹೊಲ ತೋರಿಸಿದರು. ಹೊಲದ ಯಜಮಾನರು ಬಂದಿದ್ದರು, ನಿನ್ನ ಮಗಳೇ ಕೆಡವಿದಳಲ್ಲೋ ಎಂದು ಬೇಸರ ಮಾಡಿಕೊಂಡರು, ಮೇಡಂನ ಮಾತು ಕೇಳಬೇಡ ಎಂದು ಬುದ್ಧಿ ಹೇಳಿದರು ಅಂದರು. ಹೊಲದ ಯಜಮಾನರು ಯಾರು ಎಂದು ಕೇಳುವ ಮೊದಲೇ ನನಗೆ ಹೊಳೆದಿತ್ತು. ಆ ಕಾಕಾ.

ಹುಡುಗಿ ಕೈಯಲ್ಲಿದ್ದ ಸೊಪ್ಪು ಕೆಳಗಿಟ್ಟು ನಮ್ಮ ಹತ್ತಿರ ಬಂದಳು. ಅಪ್ಪನ ಮುಂದೆ ನಿಂತು ಮಾತಾಡಿದಳು, ನನ್ನ ಕಡೆ ನೋಡಲಿಲ್ಲ.

"ಅಪ್ಪಾ, ಅವರ ಮನಿ ಹುಡುಗ ಎದ್ದು ನಿಂತು ತಲಿ ಎಣಸ್ರಿ ಅಂದಿದ್ರ ಎಣಸತಿದ್ದೆ. ಎರಡ ಸಲ ಕಾದೆ. ಅಂವ ಏಳಲಿಲ್ಲ. ಅವನ ಹಿಂದ ಕೂತವರು ಬಾಯಿ ತಗೀಲಿಲ್ಲ. ಕೇಳಿದ್ದನ್ನ ನಾ ಹೇಳಿದೆ."

ಸುಳ್ಳು ಹೇಳಿದ್ದರೆ ಏನಾಗುತ್ತಿತ್ತು, ಅದು ಆಟ ಅಲ್ಲವೇ ಎಂದು ಅಪ್ಪ ಕೇಳಿದರು. ಅವರ ಮಗಳೇ ಕುರ್ಚಿಯಲ್ಲಿದ್ದಳು, ಅದಕ್ಕೇ ಪಾಸಾಯಿತು ಅನ್ನುತ್ತಿದ್ದರು, ಆ ವಿಡಿಯೊವನ್ನೂ ಹೀಗೆಯೇ ಓಡಾಡಿಸುತ್ತಿದ್ದರು ಅಂದಳು. ಅಪ್ಪ ಎದ್ದು ಕುರಿಗಳ ಕಡೆ ಹೋದರು.

ಬಸ್ಸಿನವರೆಗೆ ಬಿಡಲು ಅವಳು ನನ್ನ ಜೊತೆ ನಡೆದು ಬಂದಳು. ಮಂತ್ರಿ ಯಾಕೆ ಬೇಡ ಅಂದೆ ಎಂದು ದಾರಿಯಲ್ಲಿ ಕೇಳಿದೆ. ಮಂತ್ರಿಯಾಗಿ ಮಾತಾಡಿದ್ದರೆ ತನ್ನವರ ಪರ ಮಾತಾಡಿದಳು ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುತ್ತಿದ್ದರು ಅಂದಳು. ಸ್ವಲ್ಪ ದೂರ ನಡೆದ ಮೇಲೆ ಮತ್ತೆ ಅವಳೇ ಶುರು ಮಾಡಿದಳು.

"ಎಲ್ಲಾರೂ ಪೀಠಕ್ಕನ ಮಾತಾಡಬೇಕು, ಒಬ್ಬರಿಗೊಬ್ಬರು ಮಾತಾಡಾಂಗಿಲ್ಲ ಅಂತ ನೀವ ಕಲಿಸಿದ್ರಲ್ರಿ. ನಮ್ಮ ಬಗ್ಗೆ ಕಾಲೇಜಿನಾಗ ಎಲ್ಲಾ ನಮ್ಮ ಬೆನ್ನ ಹಿಂದ ಅಂತಾರ. ಅಲ್ಲಿ ಕೂತರ ನನ್ನ ಮುಖ ನೋಡಿ ಅನ್ನಬೇಕಾಗತೈತಿ. ಅದಕ್ಕ ಕೇಳಿದೆ."

ಆ ಹುಡುಗನ ಮಾತನ್ನು ಕಡತದಿಂದ ಯಾಕೆ ತೆಗೆಸಲಿಲ್ಲ ಎಂದು ಕೇಳಿದೆ. "ತಗದ್ರ ನಾವು ಅಂದೇ ಇಲ್ಲ ಅಂತಾರ್ರಿ" ಅಂದಳು. ಬಸ್ಸು ಬಂತು. ಕಾಲೇಜಿಗೆ ಬಾ ಎಂದು ಹೇಳಿ ಹತ್ತಿದೆ.

ಮುಂದಿನ ವಾರ ಅವಳು ಬಂದಳು. ಕಿಟಕಿಯ ಪಕ್ಕ ಕೂತಳು. ಚಡಚಣದ ಹುಡುಗ ಅವಳ ಹತ್ತಿರ ಹೋಗಿ ಏನೋ ಹೇಳಿದ್ದನ್ನು ಕಂಡೆ. ಕ್ಷಮೆ ಕೇಳಿದನೋ, ನೋಟ್ಸ್ ಕೇಳಿದನೋ ತಿಳಿಯಲಿಲ್ಲ. ಅವಳ ಅಪ್ಪ ಕಾಕಾನ ಹೊಲದಿಂದ ಹಿಂಡು ಎಬ್ಬಿಸಿ ಭೀಮಾ ದಂಡೆಯ ಕಡೆ ಹೊಡೆದುಕೊಂಡು ಹೋದರು ಎಂದು ಆಮೇಲೆ ಗೊತ್ತಾಯಿತು. ಮಗಳ ಮಾತು ನಂಬಿ ಎಬ್ಬಿಸಿದರೋ, ಅಲ್ಲಿ ಮೇವು ತೀರಿತ್ತೋ, ಕಾಕಾನೇ ಎಬ್ಬಿಸಿದರೋ ನನಗೆ ಇವತ್ತಿಗೂ ತಿಳಿಯದು. ಹುಡುಗಿಯನ್ನು ಕೇಳಿದಾಗ, "ಹೋದರ್ರಿ" ಎಂದಷ್ಟೇ ಹೇಳಿದಳು.

ಮರುವರ್ಷದ ಅಣಕು ಸಂಸತ್ತಿಗೆ ಪ್ರಿನ್ಸಿಪಾಲರೇ ವಿಷಯ ಕೊಟ್ಟರು, ಪ್ಲಾಸ್ಟಿಕ್ ನಿಷೇಧ. ಒಬ್ಬರ ವಿರೋಧವೂ ಇಲ್ಲದೆ ಪಾಸಾಯಿತು. ಅಷ್ಟರಲ್ಲಿ ಹುಡುಗಿ ಡಿಗ್ರಿ ಮುಗಿಸಿ ವಿಜಯಪುರಕ್ಕೆ ಕಾನೂನು ಓದಲು ಹೋಗಿದ್ದಳು. ಹಾಸ್ಟೆಲಿನಿಂದ ಆಗಾಗ ಫೋನ್ ಮಾಡುತ್ತಾಳೆ. ಓದಿನ ಮಾತು ಆಡುತ್ತಾಳೆ, ಮನೆಯ ಮಾತು ಕಡಿಮೆ. ನನಗೆ ಮುದ್ದೇಬಿಹಾಳಕ್ಕೆ ವರ್ಗವಾಯಿತು.

ಹೋದ ಬೇಸಿಗೆಯಲ್ಲಿ ಕೆಲಸದ ಮೇಲೆ ಸಿಂದಗಿಗೆ ಹೋಗಿದ್ದೆ. ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಆಚೆ ಪೆಂಡಾಲು ಹಾಕಿದ್ದರು, ಮೈಕಿನಲ್ಲಿ ಯಾರೋ ಮಾತಾಡುತ್ತಿದ್ದರು. ದನಿ ಕೇಳಿ ಹತ್ತಿರ ಹೋದೆ. ನಮ್ಮ ಮಂತ್ರಿ ಹುಡುಗ. ಈಗ ಬಿಳಿ ಅಂಗಿ ಅವನ ಸ್ವಂತದ್ದು. ಗಾಯರಾಣಗಳ ಬಗ್ಗೆ, ಊರೂರು ತಿರುಗುವ ಹಿಂಡಿನ ಬಗ್ಗೆ, ದಿಲ್ಲಿಯಲ್ಲಿ ಬಿದ್ದಿರುವ ಕಡತದ ಬಗ್ಗೆ ಮಾತಾಡಿದ. ಕುರಿಗಾರರ ಹಿರಿಯರು ಚಪ್ಪಾಳೆ ತಟ್ಟಿದರು. ಒಬ್ಬರು ಎದ್ದು ಅವನ ಹೆಗಲಿಗೆ ಕಂಬಳಿ ಹೊದಿಸಿದರು. ಅವನ ಕಣ್ಣಲ್ಲಿ ನೀರು ಬಂತು. ಅದು ಖರೇ ನೀರೇ ಇರಬಹುದು. ಪೆಂಡಾಲಿನ ಹಗ್ಗ ಹಿಡಿದುಕೊಂಡು, ಮುದ್ದೇಬಿಹಾಳದ ಬಸ್ಸು ಕೂಗುವವರೆಗೂ ಅವನ ಮುಖವನ್ನೇ ನೋಡುತ್ತ ನಿಂತೆ. ಈ ಮಾತು ಖರೆಯೋ, ಅವತ್ತು ಏಳದೆ ಕೂತದ್ದು ಖರೆಯೋ, ಏನೂ ಗೊತ್ತಾಗಲಿಲ್ಲ.